ಪ್ರತಿಯೂ ಪ್ರವಾಹವೂ: ಹಾಸನ ಸೀಮೆಯ ಮನೆಗಳಲ್ಲಿ ಸಂಗೀತದ ಇರವು

ಮನೆಗೆ ಸುಣ್ಣ ಬಳಿಯಿಸುವ ಕಾಲ ಬಂದಾಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಓದುಬರಹ ಬಲ್ಲ ಮನೆತನಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಚರ್ಚೆ ನಡೆಯುವುದುಂಟು. ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ ಗ್ರಾಮಫೋನ್ ಪ್ಲೇಟುಗಳೋ ಕ್ಯಾಸೆಟ್ಟುಗಳೋ ಸಿ.ಡಿ.ಗಳೋ ಇರುತ್ತವೆ. ಅವುಗಳನ್ನು ನುಡಿಸುವ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿರುತ್ತದೆ. ಬೇಕಾದ ಹಾಡೆಲ್ಲ ಮೊಬೈಲಿನಲ್ಲಿಯೇ ಬರುತ್ತಿರುವಾಗ ಈ ಧೂಳಿನ ರಾಶಿ ಯಾತಕ್ಕೆ ಎಂದು ಕಿರಿಯರು ಕೇಳುತ್ತಾರೆ. ಹಿರಿಯರು ತಕ್ಕ ಉತ್ತರ ತೋಚದೆ ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೇರಿಸುತ್ತಾರೆ. ಇಲ್ಲವೆ ಮನಸ್ಸಿಲ್ಲದ ಮನಸ್ಸಿನಿಂದ ಗುಜರಿಯವನಿಗೆ ಕೊಡಿಸಿಬಿಡುತ್ತಾರೆ.

ಈ ಚರ್ಚೆಯನ್ನು ಹೊಸ ಯಂತ್ರಕ್ಕೂ ಹಳೆಯ ಯಂತ್ರಕ್ಕೂ ನಡೆದ ಜಗಳವೆಂದು ತಿಳಿಯುವುದು ವಾಡಿಕೆಯಾಗಿದೆ. ವಿಚಾರಿಸಿ ನೋಡಿದರೆ ಇದು ಯಂತ್ರಗಳಿಗಿಂತ ಬಹಳ ಹಿಂದಿನದು. ವಿದ್ಯೆಯಾಗಲಿ ಗಾನವಾಗಲಿ ಮನೆಗೆ ಬರುವ ದಾರಿಗಳು ಎರಡು. ಒಂದು, ಅದರ ಪ್ರತಿಯೊಂದನ್ನು ಮನೆಯೊಳಗೆ ತಂದಿರಿಸಿಕೊಳ್ಳುವುದು. ಇನ್ನೊಂದು, ಎಲ್ಲಿಯೋ ಇರುವ ಮೂಲದಿಂದ ಹರಿದುಬಂದಷ್ಟನ್ನು ಬಂದಾಗ ಸವಿಯುವುದು. ಮೊದಲನೆಯದನ್ನು ಪ್ರತಿಯೆಂದೂ ಎರಡನೆಯದನ್ನು ಪ್ರವಾಹವೆಂದೂ ಕರೆಯಬಹುದು. ಈ ಸೀಮೆಯ ಚರಿತ್ರೆಯಲ್ಲಿ ಎರಡೂ ಜೊತೆಜೊತೆಯಾಗಿಯೇ ನಡೆದುಬಂದಿವೆ. ಯಾವುದರಿಂದ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ತಿಳಿದ ಬಳಿಕ ಪೆಟ್ಟಿಗೆಯ ವಿಚಾರವನ್ನು ತೀರ್ಮಾನಿಸುವುದು ಸುಲಭವಾಗುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಿಂದ ಈ ವಿಚಾರವನ್ನು ಆರಂಭಿಸುವುದು ಯುಕ್ತವಾಗಿದೆ. ಅಲ್ಲಿಯ ಚಿಕ್ಕಬೆಟ್ಟದ ಬಂಡೆಯ ಮೇಲೆ ಕಾಣುವ ‘ಕವಿರತ್ನ’ ಎಂಬ ಬರಹವು ರನ್ನಕವಿಯದೆಂದು ವಿದ್ವಾಂಸರು ಗುರುತಿಸಿರುವರು. ಆ ರನ್ನನಿಗೆ ಆಶ್ರಯವಿತ್ತು, 993ರಲ್ಲಿ ಅವನಿಂದ ಅಜಿತಪುರಾಣವನ್ನು ರಚಿಸಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಕನ್ನಡಿಗರೆಲ್ಲರಿಗೂ ಪರಿಚಿತವಾದದ್ದು. ಆಕೆಯ ತಂದೆ ಮಲ್ಲಪನೂ ಅವನ ತಮ್ಮ ಪುನ್ನಮಯ್ಯನೂ ಹಿಂದೆ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಅತ್ತಿಮಬ್ಬೆಯು ಆ ಕಾವ್ಯದ ಸಾವಿರ ಪ್ರತಿಗಳನ್ನು ಓಲೆಗರಿಗಳ ಮೇಲೆ ಬರೆಯಿಸಿ ಹಂಚಿದಳೆಂದು ತಿಳಿದುಬರುತ್ತದೆ. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಅಲ್ಪವಾದ ಕಾರ್ಯವಲ್ಲ. ಗರಿಗಳನ್ನು ಹದಗೊಳಿಸಬೇಕು, ಕಂಟದಿಂದ ಒಂದೊಂದು ಅಕ್ಷರವನ್ನೂ ಕೊರೆಯಬೇಕು, ಮಸಿ ತೀಡಬೇಕು, ಪೋಣಿಸಿ ಹಲಗೆಗಳ ನಡುವೆ ಕಟ್ಟಬೇಕು. ಎಷ್ಟು ಮಂದಿ ಲಿಪಿಕಾರರ ಎಷ್ಟು ದಿನಗಳ ದುಡಿಮೆ ಅದರಲ್ಲಿ ಅಡಗಿತ್ತೋ ಊಹಿಸಿಕೊಳ್ಳಬೇಕು.

ಶಾಂತಿಪುರಾಣವು ಇಂದು ಉಳಿದಿದೆ. ಅದೇ ಪೊನ್ನನು ಬರೆದ ಭುವನೈಕರಾಮಾಭ್ಯುದಯವು ದೊರೆತಿಲ್ಲ. ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ಹಾಗೆಯೇ ಹೋದವು. ಒಂದು ಗ್ರಂಥ ಉಳಿಯುವುದಕ್ಕೂ ಇನ್ನೊಂದು ಅಳಿಯುವುದಕ್ಕೂ ಕಾರಣಗಳು ಹಲವಿರಬಹುದು. ಸಾವಿರ ಪ್ರತಿಗಳೊಂದರಿಂದಲೇ ಶಾಂತಿಪುರಾಣ ಉಳಿಯಿತೆಂದು ಸಾಧಿಸುವುದು ಅತಿಯಾದೀತು. ಆದರೂ ಹಲವು ಕೈಗಳಲ್ಲಿ ಚದುರಿದ ಕಾವ್ಯವನ್ನು ಬೆಂಕಿಯಾಗಲಿ ಗೆದ್ದಲಾಗಲಿ ದಾಳಿಯಾಗಲಿ ಒಂದೇ ಸಾರಿಗೆ ನುಂಗಲಾರದೆಂಬುದನ್ನು ಅಲ್ಲಗಳೆಯುವಂತಿಲ್ಲ. ಕಲ್ಲಿನ ಶಾಸನಗಳಿಗೂ ಈ ಮಾತು ಸಲ್ಲುತ್ತದೆ. ಕಲ್ಲು ಗಟ್ಟಿಯಾದರೂ ಅದರ ಪ್ರತಿ ಒಂದೇ. ಬಿಸಿಲು ಮಳೆಗಳಿಗೂ ಯಾತ್ರಿಕರ ಪಾದಗಳಿಗೂ ಅದು ಸವೆಯುತ್ತದೆ. ರೈಸ್ ಸಾಹೇಬರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಅಚ್ಚಿಗೆ ತಂದರು, ಆರ್. ನರಸಿಂಹಾಚಾರ್ಯರು 1923ರ ಪರಿಷ್ಕರಣದಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಅಂದಿನಿಂದ ಆ ಬರಹಗಳು ಬೆಟ್ಟದ ಮೇಲೆ ಮಾತ್ರವಲ್ಲದೆ ನಾಡಿನ ಪುಸ್ತಕಭಂಡಾರಗಳಲ್ಲಿಯೂ ಇರುತ್ತವೆ.

ಇಷ್ಟಾದರೂ ಸಂಗೀತವು ಗರಿಗೂ ಕಲ್ಲಿಗೂ ಸಿಕ್ಕುವಂತಹುದಲ್ಲ. ಸಾಹಿತ್ಯವನ್ನು ಬರೆದಿಡಬಹುದು, ಸ್ವರಗಳನ್ನೂ ಗುರುತಿಸಬಹುದು. ಗಮಕದ ಅನುಸ್ವರಗಳನ್ನು ಬರೆದಿಡುವುದೆಂತು? ಆದಕಾರಣ ಬಹುಕಾಲ ಸಂಗೀತದ ಪ್ರತಿಯೆಂದರೆ ಮನುಷ್ಯನೇ ಆಗಿದ್ದನು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ರುದ್ರಪಟ್ಟಣವೇ ಇದಕ್ಕೆ ಸಾಕ್ಷಿ. ಸಂಕೇತಿ ಮನೆತನಗಳ ಈ ಸಣ್ಣ ಗ್ರಾಮದಿಂದ ಹೊರಟ ಗಾಯಕರು, ವೈಣಿಕರು, ಪಿಟೀಲು ವಿದ್ವಾಂಸರ ಸಂಖ್ಯೆಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 1920ರಲ್ಲಿ ಇಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಅವರ ತಂದೆ ಕೃಷ್ಣಶಾಸ್ತ್ರಿಗಳು ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಪಂಡಿತರು, ಹರಿಕಥೆಯಲ್ಲಿ ನುರಿತವರು. ಅಣ್ಣ ವೆಂಕಟರಾಮಶಾಸ್ತ್ರಿಗಳು ಪಿಟೀಲಿನಲ್ಲಿ ಪ್ರಸಿದ್ಧರು. ರುದ್ರಪಟ್ಟಣ ಸಹೋದರರೆಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರೂ, ಆರ್. ಕೆ. ಪದ್ಮನಾಭ ಅವರೂ ಇದೇ ಊರಿನ ಕುಡಿಗಳು. ತಂಬೂರಿಯ ಆಕಾರದಲ್ಲಿ ಒಂದು ಧ್ಯಾನಮಂದಿರವನ್ನು ಕಟ್ಟಿಕೊಂಡಿರುವ ಗ್ರಾಮವು ಬೇರೆಲ್ಲಿಯಾದರೂ ಇರುವುದೋ ಇಲ್ಲವೋ! ಅಲ್ಲಿ ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಪಾಠವು ಕಂಠದಿಂದ ಕಂಠಕ್ಕೆ ಇಳಿಯಿತು. ಇಂತಹ ಪ್ರತಿಗೆ ಗೆದ್ದಲಿನ ಭಯವಿಲ್ಲ. ಆಯುಸ್ಸಿನ ಮಿತಿ ಮಾತ್ರ ಇದೆ. ಪಾಠ ಹೇಳಿಸಿಕೊಳ್ಳುವವರಿಲ್ಲದೆ ಒಬ್ಬ ವಿದ್ವಾಂಸನು ತೀರಿಕೊಂಡರೆ ಅವನ ಕಂಠದಲ್ಲಿದ್ದುದೆಲ್ಲವೂ ಅವನೊಡನೆ ಹೋಗುತ್ತದೆ.

ಹೊಳೆನರಸೀಪುರದ ಹೆಸರನ್ನು ತಮ್ಮ ಹೆಸರಿನ ಮೊದಲಲ್ಲಿ ಹೊತ್ತ ವಾಗ್ಗೇಯಕಾರ ಎಚ್. ಯೋಗನರಸಿಂಹಂ ಅವರ ಕೃತಿಗಳು ಗಾಯಕರ ಕಂಠದಲ್ಲಿಯೂ ಅಚ್ಚಿನ ಪುಸ್ತಕದಲ್ಲಿಯೂ ಉಳಿದವು. ಹೇಮಾವತಿಯ ದಡದ ಆ ಊರಿಗೆ ಅಚ್ಚಿನ ಪ್ರತಿಯ ಬೆಲೆ ಚೆನ್ನಾಗಿ ತಿಳಿದಿತ್ತೆಂದು ಹೇಳಬಹುದು. ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಅಧ್ಯಾತ್ಮಪ್ರಕಾಶ ಕಾರ್ಯಾಲಯವು ಅಲ್ಲಿಯೇ ನೆಲೆನಿಂತು ಶಾಂಕರಗ್ರಂಥಗಳ ಕನ್ನಡ ಪುಸ್ತಕಗಳನ್ನು ಮನೆಮನೆಗೂ ಮುಟ್ಟಿಸಿತು.

ಹಾಡನ್ನೇ, ಹಾಡಿದ ಕಂಠದೊಡನೆ, ಮನೆಗೆ ತರಬಹುದೆಂಬ ನಂಬಿಕೆಯನ್ನು ಹುಟ್ಟಿಸಿದುದು ಗ್ರಾಮಫೋನು. ಹಿಂದೂದೇಶದಲ್ಲಿ ಗಂಭೀರವಾದ ಧ್ವನಿಮುದ್ರಣವು 1902ರ ಚಳಿಗಾಲದಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಲಂಡನ್ನಿನಿಂದ ಬಂದ ಗೈಸ್‌ಬರ್ಗ್ ಎಂಬಾತನು ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿಕೊಂಡನು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ತಾನೇ ಸಾರುತ್ತಿದ್ದಳು. ಪ್ಲೇಟುಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ; ಭಾಷೆ ತಿಳಿಯದ ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂಬುದು ತಿಳಿಯಲೆಂದು ಈ ಏರ್ಪಾಡು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆ ಸ್ಥಾಪಿತವಾಯಿತು. ಆ ಗೌಹರ್ ಜಾನಳೇ ಕಡೆಗಾಲದಲ್ಲಿ ಮೈಸೂರಿನ ಆಸ್ಥಾನವನ್ನು ಆಶ್ರಯಿಸಿ 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡಳು. ಆಕೆಯ ವೈಭವವೂ ಆಸ್ತಿಯೂ ಎಲ್ಲಿಯೋ ಕರಗಿಹೋದವು. ಆಕೆಯ ಕಂಠವು ಇಂದಿಗೂ ಕೇಳುತ್ತದೆಂದರೆ ಅದಕ್ಕೆ ಯಾರೋ ತಮ್ಮ ಮನೆಗಳಲ್ಲಿ ಇಟ್ಟುಕೊಂಡಿದ್ದ, ಬಳಿಕ ಸಂಗ್ರಹಕಾರರು ಹುಡುಕಿ ತೆಗೆದ ಪ್ಲೇಟುಗಳೇ ಕಾರಣ.

ಪ್ಲೇಟು ಈ ಸೀಮೆಗೆ ತಲುಪಿದ ಬಗೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಮೈಸೂರು–ಅರಸೀಕೆರೆ ರೈಲುದಾರಿ ಹೊಳೆನರಸೀಪುರವನ್ನೂ ಹಾಸನವನ್ನೂ ಮುಟ್ಟುತ್ತಿತ್ತು. ಅರಕಲಗೂಡಿಗಾಗಲಿ ಚನ್ನರಾಯಪಟ್ಟಣಕ್ಕಾಗಲಿ ಆಗ ರೈಲು ಇರಲಿಲ್ಲ. ಅರಗಿನಿಂದ ಮಾಡಿದ, ಕೈಜಾರಿದರೆ ಹಂಚಿನಂತೆ ಒಡೆಯುವ ಪ್ಲೇಟುಗಳು ಗಾಡಿಯಲ್ಲೋ ಮೋಟಾರು ಬಸ್ಸಿನಲ್ಲೋ ಬರಬೇಕಾಗಿತ್ತು. ಕೀಲಿ ಕೊಟ್ಟರೆ ತಿರುಗುವ ಯಂತ್ರವಾದ ಕಾರಣ ವಿದ್ಯುತ್ತಿಲ್ಲದ ಹಳ್ಳಿಗೂ ಅದು ಒಗ್ಗಿತು. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು 3 ನಿಮಿಷದ ಹಾಡು. ಗಂಟೆಗಟ್ಟಲೆ ರಾಗ ಬೆಳೆಸುತ್ತಿದ್ದ ವಿದ್ವಾಂಸರು 3 ನಿಮಿಷದಲ್ಲಿ ಆಲಾಪನೆ, ಕೃತಿ, ಸ್ವರ ಎಲ್ಲವನ್ನೂ ತುರುಕಬೇಕಾಯಿತು. ಉಕ್ಕಿನ ಮುಳ್ಳನ್ನು ಒಂದೊಂದು ಮಗ್ಗುಲಿಗೂ ಬದಲಾಯಿಸದಿದ್ದರೆ ಪ್ಲೇಟಿನ ಗೀರುಗಳೇ ಸವೆದು ಹಾಡು ಕೊರಗುಟ್ಟುತ್ತಿತ್ತು. ಇಷ್ಟು ಉಪಚಾರವನ್ನು ಬೇಡುವ ವಸ್ತುವು ಉಳ್ಳವರ ಮನೆಯ ಸೊತ್ತಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ನಾಟಕ ಕಂಪೆನಿಯ ಹಾಡಿನ ಪ್ಲೇಟು ಬಂದಿತೆಂದರೆ ನೆರೆಹೊರೆಯವರು ಜಗಲಿಯಲ್ಲಿ ಕುಳಿತು ಕೇಳುತ್ತಿದ್ದರು.

ಪ್ಲೇಟಿನ ಪಕ್ಕದಲ್ಲಿ ಸಿನಿಮಾವನ್ನಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಗೆ ಬಂದಿತು. ಜನರು ಮುಗಿಬಿದ್ದು ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಚಿತ್ರದ ಸುರುಳಿಯು ಕಂಪೆನಿಯ ಸ್ವತ್ತು. ಪ್ರೇಕ್ಷಕನು ಹಣ ತೆತ್ತು ಕೊಂಡದ್ದು ಎರಡು ಮೂರು ಗಂಟೆಗಳ ನೋಟವನ್ನು ಮಾತ್ರ. ಸ್ವತ್ತಿನ ಒಡೆಯನು ಕಾಪಾಡಲಾರದೆ ಹೋದಾಗ, ಕಾಪಾಡಬಹುದಾಗಿದ್ದ ಎರಡನೆಯ ಮನೆ ಯಾವುದೂ ಇರಲಿಲ್ಲ.

ಇನ್ನು ಬಾನುಲಿ. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದು, ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಇಂದು ಸ್ಟ್ರೀಮಿಂಗ್ ಎಂದು ಕರೆಯುವ ಪ್ರವಾಹಕ್ಕೆ ನಿಜವಾದ ಪೂರ್ವಜನೆಂದರೆ ಈ ಬಾನುಲಿಯೇ. ಹಾಡು ಎಲ್ಲಿಂದಲೋ ಬರುತ್ತದೆ, ಮನೆಯನ್ನು ತುಂಬುತ್ತದೆ, ಹೋಗುತ್ತದೆ. ಮನೆಯಲ್ಲಿ ಏನೂ ಉಳಿಯುವುದಿಲ್ಲ. ಧ್ವನಿಸುರುಳಿಯು ಬಳಕೆಗೆ ಬಾರದಿದ್ದ ಆ ದಿನಗಳಲ್ಲಿ ಪ್ಲೇಟುಗಳನ್ನು ಹಾಕುತ್ತಿದ್ದುದನ್ನು ಬಿಟ್ಟರೆ ಕಲಾವಿದರು ಬಹುಮಟ್ಟಿಗೆ ನಿಲಯಕ್ಕೇ ಬಂದು ಹಾಡುತ್ತಿದ್ದರು. ಹಾಡಿದುದು ಆ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತಿತ್ತು.

ಬಾನುಲಿಯ ಉಪಕಾರವನ್ನು ಕಡಿಮೆ ಮಾಡಿ ಹೇಳುವುದು ಕೃತಘ್ನತೆಯಾದೀತು. ಹತ್ತಾರು ಪ್ಲೇಟುಗಳನ್ನು ಕೊಳ್ಳಲಾರದ ಮನೆಗಳಿಗೆ ಅದು ನಾಡಿನ ವಿದ್ವಾಂಸರನ್ನೆಲ್ಲ ಕರೆತಂದಿತು. ರುದ್ರಪಟ್ಟಣದ ಶ್ರೀಕಂಠನ್ ಅವರೇ ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ಅದರ ಮೂಲಕ ಸಂಗೀತಪಾಠವನ್ನೂ ಹೇಳಿದರು. ಒಂದು ಮನೆಯ ಕಂಠಪಾಠವು ಇದರಿಂದ ಸಾವಿರ ಮನೆಗಳ ಪಾಠವಾಯಿತು. ಇದಕ್ಕೆ ಮನೆಯವರು ಕೊಡುತ್ತಿದ್ದ ಬೆಲೆಯೂ ಗಮನಾರ್ಹವಾದುದು. ರೇಡಿಯೋ ಪೆಟ್ಟಿಗೆಯನ್ನು ಕೊಂಡರಷ್ಟೇ ಸಾಲದು; ಅಂಚೆಯ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟಿ ಪುಸ್ತಕದಲ್ಲಿ ಚೀಟಿ ಅಂಟಿಸಿಕೊಳ್ಳಬೇಕಾಗಿತ್ತು. 1980ರ ದಶಕದಲ್ಲಿ ಈ ಲೈಸೆನ್ಸು ರದ್ದಾಯಿತು. ಹಾಡಿಗೆ ಚಂದಾ ಕಟ್ಟುವುದು ಈ ಕಾಲದ ವಿಪರೀತವೆಂದು ಗೊಣಗುವ ಹಿರಿಯರು ಆ ಲೈಸೆನ್ಸು ಪುಸ್ತಕವನ್ನು ಒಮ್ಮೆ ಜ್ಞಾಪಿಸಿಕೊಳ್ಳಬಹುದು.

ಪ್ರವಾಹದ ದೋಷವೂ ಬಾನುಲಿಯಲ್ಲಿಯೇ ಮೊದಲು ಕಂಡಿತು. ಮೂಲದ ಒಡೆಯನು ತೂಬನ್ನು ಮುಚ್ಚಿದರೆ ಕೆಳಗಿನ ಗದ್ದೆಗೆ ನೀರಿಲ್ಲವೆಂಬುದು ಹೇಮಾವತಿಯ ನಾಲೆಯನ್ನು ನಂಬಿದ ರೈತರಿಗೆ ಹೊಸ ವಿಷಯವೇನೂ ಅಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೋದವರು ಹಾರ್ಮೋನಿಯಂ ವಾದ್ಯವು ನಮ್ಮ ಸಂಗೀತದ ಗಮಕಗಳಿಗೆ ಒಗ್ಗದೆಂದು ನಿರ್ಣಯಿಸಿ ಪ್ರಸಾರದಿಂದ ಬಹಿಷ್ಕರಿಸಿದರು. ಈ ನಿಷೇಧವು ಸುಮಾರು ಮೂವತ್ತು ವರ್ಷ ನಡೆಯಿತು. ಶಾಸ್ತ್ರದೃಷ್ಟಿಯಿಂದ ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕನ್ನಡದ ವೃತ್ತಿರಂಗಭೂಮಿಯ ಸಂಗೀತಕ್ಕೆ ಹಾರ್ಮೋನಿಯಂ ಪ್ರಾಣವಾಗಿತ್ತು. ಕಾಲಲ್ಲಿ ತಿದಿಯೊತ್ತುತ್ತ ನುಡಿಸುವ ಮಾಸ್ತರನಿಲ್ಲದೆ ನಾಟಕದ ಪರದೆ ಏಳುತ್ತಿರಲಿಲ್ಲ. ಬಾನುಲಿಯೊಂದನ್ನೇ ನಂಬಿದ ಮನೆಗೆ ಆ ವಾದ್ಯದ ವಾದನವು ಇಲ್ಲವೇ ಆಯಿತು. ನಾಟಕದ ಪ್ಲೇಟು ಇದ್ದ ಮನೆಯಲ್ಲಿ ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಅದು ಮೊಳಗುತ್ತಿತ್ತು. 1952ರಲ್ಲಿ ಇನ್ನೊಂದು ನಡೆಯಿತು. ಆಗಿನ ಮಂತ್ರಿ ಬಿ. ವಿ. ಕೇಸ್ಕರರು ಸಿನಿಮಾ ಹಾಡುಗಳು ಶ್ರೋತೃಗಳ ಅಭಿರುಚಿಯನ್ನು ಕೆಡಿಸುತ್ತಿವೆಯೆಂದು ಭಾವಿಸಿದುದರಿಂದ ಅವು ಆಕಾಶವಾಣಿಯಿಂದ ಕಣ್ಮರೆಯಾದವು. ಜನರು ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನನ್ನು ಹಿಡಿದರು. 1957ರ ಅಕ್ಟೋಬರ್ 3ರಂದು ವಿವಿಧಭಾರತಿ ಹುಟ್ಟಿದ ಬಳಿಕ ಹಾಡುಗಳು ಸ್ವದೇಶಕ್ಕೆ ಮರಳಿದವು. ಇಬ್ಬರು ಮೂವರು ಅಧಿಕಾರಿಗಳ ಅಭಿರುಚಿಯು ಕೋಟಿ ಮನೆಗಳ ಕಿವಿಯನ್ನು ಆಳಿದ ಈ ಪ್ರಕರಣಗಳು, ಅಭಿರುಚಿ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯನ್ನು ಮೀರಿದವಾಗಿವೆ.

ಶಾಸ್ತ್ರೀಯಕ್ಕೂ ಸಿನಿಮಾಕ್ಕೂ ಸೇರದ ಹಾಡುಗಳ ಗತಿ ಏನಾಯಿತೆಂಬುದನ್ನೂ ನೋಡಬೇಕು. ಹಾಸನ ತಾಲ್ಲೂಕಿನ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಹಾಡುಗಳು’ ಎಂಬ ಸಂಗ್ರಹವನ್ನು ಪ್ರಕಟಿಸಿ ಉಪಕಾರ ಮಾಡಿದರು. ಸಕಲೇಶಪುರದ ಎಸ್. ಕೆ. ಕರೀಂಖಾನರು ಊರೂರು ತಿರುಗಿ ಹಾಡುಗಳನ್ನು ಕೂಡಿಹಾಕಿ ಜಾನಪದ ಜಂಗಮರೆನಿಸಿದರು. ಅಚ್ಚಿನಲ್ಲಿ ಹಾಡಿನ ಮಾತು ಉಳಿಯಿತು. ಬೀಸುವ ಕಲ್ಲಿನ ಗತಿಗೆ ಆ ಮಾತು ಹೇಗೆ ಬಳುಕುತ್ತಿತ್ತು, ಯಾವ ಸೊಲ್ಲನ್ನು ಮೇಳದವರು ಎತ್ತಿಕೊಳ್ಳುತ್ತಿದ್ದರು, ಎಲ್ಲಿ ಉಸಿರು ನಿಲ್ಲುತ್ತಿತ್ತು ಎಂಬುದು ಪುಟದ ಮೇಲೆ ಮೂಡುವಂತಹುದಲ್ಲ. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಎದ್ದು ನದೀತೀರದ ಹಳ್ಳಿಗಳು ಮುಳುಗಿ ಜನರು ಬೇರೆಬೇರೆಡೆಗೆ ಚದುರಿದ ಮೇಲೆ ಅಂತಹ ಮೇಳಗಳು ಮತ್ತೆ ಕೂಡುವುದು ಹೇಗೆ? ಪ್ರತಿ ಇದ್ದರಷ್ಟೇ ಸಾಲದು, ಎಂತಹ ಪ್ರತಿ ಎಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಈ ಕೊರತೆಯನ್ನು ತುಂಬುವಂತೆ ಬಂದುದು ಕ್ಯಾಸೆಟ್ಟು. ಫಿಲಿಪ್ಸ್ ಕಂಪೆನಿಯವರು 1963ರಲ್ಲಿ ಹೊರತಂದ ಈ ಅಂಗೈಯಗಲದ ಡಬ್ಬಿಯು 1970ರ ದಶಕದ ಕೊನೆಗೆ ನಮ್ಮ ಊರುಗಳಿಗೂ ಬಂದಿತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದು ಕನ್ನಡ ಭಾವಗೀತೆಗೆ ಹೊಸ ದಾರಿ ತೆರೆಯಿತು. ಪ್ಲೇಟಿಗೆ ಒಗ್ಗದ ಕವಿತೆ, ಹರಿಕಥೆ, ದೇವರನಾಮ, ತತ್ತ್ವಪದ ಎಲ್ಲವೂ ಸಂತೆಯ ಅಂಗಡಿಯಲ್ಲಿ ಸಿಕ್ಕತೊಡಗಿದವು.

ಕ್ಯಾಸೆಟ್ಟಿನ ದೊಡ್ಡ ಗುಣವೆಂದರೆ ಅದರಲ್ಲಿ ಮನೆಯವರೇ ಮುದ್ರಿಸಬಹುದಾಗಿದ್ದುದು. ಕೆಂಪು ಗುಂಡಿಯನ್ನೊತ್ತಿದರೆ ಸಾಕು, ಬಾನುಲಿಯ ಕಛೇರಿಯೂ ಮನೆಯ ಸೊತ್ತಾಗುತ್ತಿತ್ತು. ಪ್ರವಾಹದಿಂದ ಪ್ರತಿಯನ್ನು ಮೊಗೆದುಕೊಳ್ಳುವ ಬಿಂದಿಗೆಯಂತೆ ಅದು ಒದಗಿತು. ರಾಮೋತ್ಸವದ ಹರಿಕಥೆ, ಮದುವೆಯ ಮನೆಯಲ್ಲಿ ಹೆಂಗಸರು ಹೇಳಿದ ಹಸೆಯ ಹಾಡು, ಉರುಟಣೆಯ ಹಾಡು, ಆರತಿಯ ಹಾಡು, ಮುಪ್ಪಿನ ಅಜ್ಜಿಯೊಬ್ಬಳು ತನ್ನ ತವರಿನ ಧಾಟಿಯಲ್ಲಿ ಹಾಡಿದ ದೇವರನಾಮ—ಇಂತಹವುಗಳನ್ನು ಯಾವ ಕಂಪೆನಿಯೂ ಮುದ್ರಿಸಿ ಮಾರಲಿಲ್ಲ, ಮಾರುವುದೂ ಇಲ್ಲ. ಕಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ಪೆಟ್ಟಿಗೆಯಲ್ಲಿರುವ ಸಿನಿಮಾ ಹಾಡುಗಳು ಮೊಬೈಲಿನಲ್ಲಿ ದೊರೆಯುವುವೆಂಬುದು ನಿಜ. ಶಾಯಿಯಿಂದ ಊರಿನ ಹೆಸರನ್ನೂ ತಾರೀಖನ್ನೂ ಬರೆದಿಟ್ಟ ಕ್ಯಾಸೆಟ್ಟಿನ ಒಳಗಿರುವುದಕ್ಕೆ ಲೋಕದಲ್ಲಿ ಎರಡನೆಯ ಪ್ರತಿಯಿಲ್ಲ. ಅದನ್ನು ಗುಜರಿಗೆ ಹಾಕುವುದು, ಭುವನೈಕರಾಮಾಭ್ಯುದಯದ ಕಡೆಯ ಓಲೆಕಟ್ಟನ್ನು ಹೊಳೆಗೆ ಬಿಟ್ಟವನ ಕೆಲಸಕ್ಕೆ ಸಮಾನವಾದುದು.

ಹಾಗೆಂದು ಇಟ್ಟುಕೊಂಡ ಮಾತ್ರಕ್ಕೆ ವಸ್ತು ಉಳಿಯುವುದೆಂಬ ಭ್ರಾಂತಿಯೂ ಬೇಡ. ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅದರ ಮೇಲಿನ ಲೇಪ ಉದುರುತ್ತದೆ. ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಅಂಟಿ ಹಾಡಿಗೆ ಮೊದಲೇ ಹಾಡಿನ ನೆರಳು ಕೇಳುತ್ತದೆ. 1982ರಲ್ಲಿ ಬಂದ ಸಿ.ಡಿ. ಶಾಶ್ವತವೆಂದು ಹೊಗಳಿಸಿಕೊಂಡಿತು, ಅದೂ ಗೀರಿಗೂ ಲೇಪದ ಕೊಳೆತಕ್ಕೂ ಹೊರತಾಗಿಲ್ಲ. ಬೀರುವಿನಲ್ಲಿ ಬೀಗ ಹಾಕಿಟ್ಟ ಪ್ರತಿಯೂ ಮೆಲ್ಲಗೆ ಸಾಯುತ್ತಿರುತ್ತದೆ. ಹಳೆಯ ಮಠಗಳಲ್ಲಿ ಶಿಥಿಲವಾದ ಓಲೆಯನ್ನು ಹೊಸ ಓಲೆಗೆ ಏರಿಸುತ್ತಿದ್ದಂತೆ ಧ್ವನಿಯನ್ನೂ ಕಾಲಕಾಲಕ್ಕೆ ಹೊಸ ಮಾಧ್ಯಮಕ್ಕೆ ಏರಿಸಬೇಕಾಗುತ್ತದೆ.

ಅಂತರ್ಜಾಲದ ಕಾಲಕ್ಕೆ ಬರುವಾಗ ಎರಡು ಶಬ್ದಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಹಾಡನ್ನು ಡೌನ್‌ಲೋಡ್ ಮಾಡಿಕೊಳ್ಳುವುದೆಂದರೆ ಅದರ ಕಡತವು ಸ್ವಂತ ಯಂತ್ರಕ್ಕೆ ಬಂದು ನೆಲೆಸುವುದು. ಇದು ಪ್ರತಿಯೇ ಸರಿ, ಪ್ಲೇಟಿಗೆ ಆಕಾರವಿತ್ತು, ಇದಕ್ಕಿಲ್ಲ, ಅಷ್ಟೆ. ಸ್ಟ್ರೀಮಿಂಗ್ ಎಂದರೆ ಕೇಳಿದಷ್ಟು ಹೊತ್ತು ಹರಿದುಬರುವುದು. ಈ ಕಂಪೆನಿಗಳ ಆ್ಯಪುಗಳಲ್ಲಿಯೂ ‘ಡೌನ್‌ಲೋಡ್’ ಎಂಬ ಗುಂಡಿಯೊಂದಿರುವುದರಿಂದ ಹಲವರು ಮೋಸಹೋಗುತ್ತಾರೆ. ಅಲ್ಲಿ ಇಳಿದುದು ಕಡವೇ ಹೊರತು ಸ್ವತ್ತಲ್ಲ. ಸ್ಪಾಟಿಫೈ ಕಂಪೆನಿಯ ನಿಯಮದಂತೆ 30 ದಿನಕ್ಕೊಮ್ಮೆಯಾದರೂ ಅಂತರ್ಜಾಲಕ್ಕೆ ಸೇರಿಕೊಳ್ಳದಿದ್ದರೆ ಇಳಿಸಿಕೊಂಡ ಹಾಡುಗಳು ಮುಚ್ಚಿಹೋಗುತ್ತವೆ. ಚಂದಾ ನಿಂತರೆ ಅವೂ ನಿಲ್ಲುತ್ತವೆ.

ಪ್ರವಾಹದ ವೈಭವವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಅರಕಲಗೂಡಿನ ಮನೆತನದ ಅ. ನ. ಕೃಷ್ಣರಾಯರು ಸಂಗೀತಗಾರನೊಬ್ಬನ ಜೀವನವನ್ನು ವಸ್ತುವಾಗಿಸಿ ಬರೆದ ‘ಸಂಧ್ಯಾರಾಗ’ ಕಾದಂಬರಿಯು 1966ರಲ್ಲಿ ಚಿತ್ರವಾಯಿತು. ಅದರಲ್ಲಿ ಭೀಮಸೇನ ಜೋಶಿಯವರೂ ಬಾಲಮುರಳೀಕೃಷ್ಣರೂ ಹಾಡಿದರು. ಆ ಹಾಡುಗಳನ್ನು ಕೇಳಬೇಕೆಂದು ಹಿಂದೆ ಅರಕಲಗೂಡಿನವರು ಪ್ಲೇಟಿಗಾಗಿ ಮೈಸೂರಿಗೆ ಹೋಗಬೇಕಾಗಿತ್ತು. ಇಂದು ಹೊಲದ ಬದುವಿನ ಮೇಲೆ ಕುಳಿತ ಹುಡುಗನೂ ಅರೆಗಳಿಗೆಯಲ್ಲಿ ಕೇಳುತ್ತಾನೆ. 2005ರಲ್ಲಿ ಯೂಟ್ಯೂಬು ಹುಟ್ಟಿದ ಬಳಿಕ ಮರೆತುಹೋಗಿದ್ದ ಕಛೇರಿಗಳೆಷ್ಟೋ ಹೊರಬಿದ್ದಿವೆ. ಅವು ಬಂದುದು ಎಲ್ಲಿಂದ ಎಂದು ವಿಚಾರಿಸಿದರೆ, ಬಹುಪಾಲು ಯಾರದೋ ಮನೆಯ ಕ್ಯಾಸೆಟ್ಟಿನಿಂದ.

ಈ ಪ್ರವಾಹಕ್ಕೂ ತೂಬುಗಳುಂಟು. 2023ರ ಮಾರ್ಚಿನಲ್ಲಿ ಜ಼ೀ ಮ್ಯೂಸಿಕ್ ಕಂಪೆನಿಗೂ ಸ್ಪಾಟಿಫೈಗೂ ಒಪ್ಪಂದ ಮುರಿದುದರಿಂದ ಅಸಂಖ್ಯ ಹಿಂದಿ ಹಾಡುಗಳು ಶ್ರೋತೃಗಳ ಪಟ್ಟಿಗಳಿಂದ ರಾತ್ರೋರಾತ್ರಿ ಮಾಯವಾದವು. 2024ರಲ್ಲಿ ಏರ್‌ಟೆಲ್ ಸಂಸ್ಥೆಯವರು ವಿಂಕ್ ಎಂಬ ತಮ್ಮ ಸಂಗೀತ ಆ್ಯಪನ್ನು ಮುಚ್ಚಿದರು. ಅಮೆರಿಕದ ಮೈಸ್ಪೇಸ್ ಎಂಬ ತಾಣವಂತೂ 2015ಕ್ಕೆ ಮೊದಲು ಜನರು ತನ್ನಲ್ಲಿರಿಸಿದ್ದ ಹಾಡುಗಳು ಯಂತ್ರಗಳ ಸ್ಥಳಾಂತರದಲ್ಲಿ ಕಳೆದುಹೋದುವೆಂದು 2019ರಲ್ಲಿ ಒಪ್ಪಿಕೊಂಡಿತು. ನಷ್ಟವಾದವು ಸುಮಾರು 5 ಕೋಟಿ ಹಾಡುಗಳೆಂದು ಲೆಕ್ಕ. ಅವುಗಳಲ್ಲಿ ಬಹುಪಾಲು ಹೆಸರಿಲ್ಲದ ಹಾಡುಗಾರರವು. ತಮ್ಮ ಬಳಿ ಒಂದು ಪ್ರತಿಯನ್ನು ಇಟ್ಟುಕೊಂಡವರ ಹಾಡು ಉಳಿಯಿತು. ತಾಣವೇ ಭಂಡಾರವೆಂದು ನಂಬಿದವರದು ಹೋಯಿತು.

ವರ್ತಕರೂ ಜನರ ಮನಸ್ಸನ್ನು ಅರಿಯದವರಲ್ಲ. ಗ್ರಾಮಫೋನ್ ಕಂಪೆನಿಯ ವಾರಸುದಾರರಾದ ಸರೆಗಮದವರು 2017ರಲ್ಲಿ ಹಳೆಯ ರೇಡಿಯೋದ ಆಕಾರದ ಪೆಟ್ಟಿಗೆಯೊಂದರಲ್ಲಿ 5000 ಹಿಂದಿ ಹಾಡುಗಳನ್ನು ತುಂಬಿ ‘ಕಾರ್ವಾನ್’ ಎಂದು ಮಾರಿದರು. ಅಂತರ್ಜಾಲದ ಹಂಗಿಲ್ಲದೆ ಗುಂಡಿ ತಿರುಗಿಸಿದರೆ ಹಾಡುವ ಆ ಪೆಟ್ಟಿಗೆಗೆ, ವಯಸ್ಸಾದ ತಂದೆತಾಯಿಗಳಿಗೆ ಕಾಣಿಕೆ ಕೊಡಬೇಕೆನ್ನುವವರಿಂದ ಬೇಡಿಕೆ ಬಂದಿತು. ಅದರಲ್ಲಿರುವುದೂ ಕಂಪೆನಿ ಆರಿಸಿದ ಹಾಡುಗಳೇ ಎಂಬುದು ಬೇರೆ ಮಾತು.

ಹೀಗಿರುವಲ್ಲಿ ಮನೆಯವರು ಎರಡರಲ್ಲೊಂದನ್ನು ಬಿಡಬೇಕಾದ ಅಗತ್ಯವೇ ತೋರುವುದಿಲ್ಲ. ದಿನನಿತ್ಯದ ಕೇಳ್ಮೆಗೆ ಪ್ರವಾಹವೇ ಸಾಕು. ಅದು ಅಗ್ಗ, ವಿಶಾಲ, ಅಟ್ಟದ ಜಾಗವನ್ನೂ ಕೇಳುವುದಿಲ್ಲ. ಅಂಗಡಿಯಲ್ಲಿ ಲಕ್ಷಗಟ್ಟಲೆ ಮಾರಾಟವಾದ ಸಿನಿಮಾ ಕ್ಯಾಸೆಟ್ಟನ್ನು ಜಾಗವಿಲ್ಲದವರು ತ್ಯಜಿಸಿದರೆ ನಾಡಿಗೆ ನಷ್ಟವಾಗದು. ಮನೆಯಲ್ಲಿಯೇ ಮುದ್ರಿಸಿದುದು, ಊರಿನ ವಿದ್ವಾಂಸರದು, ಸಣ್ಣ ಕಂಪೆನಿಗಳು ಹೊರತಂದು ಮತ್ತೆ ಮುದ್ರಿಸದೆ ಬಿಟ್ಟ ದೇವರನಾಮ ಹರಿಕಥೆಗಳು—ಇವುಗಳನ್ನು ಮಾತ್ರ ಒಂದೊಂದಾಗಿ ನೋಡದೆ ಹೊರಗೆ ಹಾಕಕೂಡದು. ಪ್ಲೇಟುಗಳ ವಿಷಯದಲ್ಲಿ ಕಾನೂನೂ ಅನುಕೂಲವಾಗಿದೆ. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ ಮಾತ್ರ; ಸಾಹಿತ್ಯದ ಹಕ್ಕು, ರಚನಕಾರನ ಜೀವಿತಕಾಲ ಕಳೆದು ಮತ್ತೆ 60 ವರ್ಷ. ಆದುದರಿಂದ ದಾಸರ ಪದವನ್ನೋ ತ್ಯಾಗರಾಜರ ಕೃತಿಯನ್ನೋ ಹಾಡಿದ 1930ರ, 1940ರ ದಶಕದ ಪ್ಲೇಟೊಂದು ಅಟ್ಟದಲ್ಲಿ ಸಿಕ್ಕಿದರೆ ಅದರ ಪ್ರತಿಯನ್ನು ಎಲ್ಲರಿಗೂ ಹಂಚಲು ಅಡ್ಡಿಯಿಲ್ಲ.

ಕೆಲಸವೂ ಬಹಳ ಕಷ್ಟದ್ದಲ್ಲ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಅರಗಿನ ಪ್ಲೇಟಿಗೆ ಸ್ಪಿರಿಟ್ಟನ್ನು ತಾಕಿಸಿದರೆ ಕರಗುತ್ತದೆ, ಆದುದರಿಂದ ಮೆತ್ತನೆಯ ಒಣಬಟ್ಟೆಯಿಂದ ಒರಸಬೇಕು. ಕ್ಯಾಸೆಟ್ಟನ್ನು ನುಡಿಸುವುದಕ್ಕೆ ಮೊದಲು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಬೇಕು. ಬೂಷ್ಟು ಕಂಡರೆ ಬಲ್ಲವರ ಕೈಗೆ ಕೊಡಬೇಕು, ಇಲ್ಲದಿದ್ದರೆ ಯಂತ್ರಕ್ಕೂ ತಗಲುತ್ತದೆ. ಕಂಪ್ಯೂಟರಿಗೆ ಇಳಿಸಿದ ಕಡತಕ್ಕೆ ಹಾಡಿದವರ ಹೆಸರು, ಊರು, ವರ್ಷ, ಸಂದರ್ಭಗಳನ್ನು ಬರೆದು ಎರಡು ಬೇರೆ ಯಂತ್ರಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಊರುಗಳ ಮನೆಗಳಲ್ಲಿ ಇರಿಸಬೇಕು. ಧ್ವನಿಯನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಹೆಸರುಗಳನ್ನು ಬರೆದುಕೊಳ್ಳುವುದು ಮೇಲು. ಪುನರ್ವಸು ಪುಷ್ಯ ಮಳೆಗಳು ಹಿಡಿಯುವುದಕ್ಕೆ ಮೊದಲು, ಬೇಸಗೆಯ ರಜದಲ್ಲಿ ಮಕ್ಕಳು ಊರಿಗೆ ಬಂದಾಗ, ಅದಕ್ಕೆ ಬಿಡುವು ಸಿಕ್ಕುತ್ತದೆ.